ನಾಲ್ಕನೆಯ ಕಾಲಂ

ಕೊಟ್ಟ ಫಾರಮ್ಮಿನಲ್ಲಿ ಮೂರೇ ಕಾಲಂ:
ಗಂಡಸರು, ಹೆಂಗಸರು, ಮಕ್ಕಳು.
ಗಂಟೆಗೊಮ್ಮೆ ಎಣಿಸಿ ಗೀಟು ಹಾಕಬೇಕು,
ಐದನೆಯದು ಅಡ್ಡಗೀಟು.
ಪಾರ್ಕಿನ ಹೊಸ ಯೋಜನೆಗೆ ಅಂಕಿ ಬೇಕಂತೆ.
ಬಳ್ಳಾರಿ, ಏಪ್ರಿಲ್, ಎರಡನೆಯ ವಾರ.

ಅಂಕಿಗಿಂತ ಮೊದಲೇ ನಕಾಶೆ ಬಂದು
ಸಾಹೇಬರ ಮೇಜಿನ ಮೇಲೆ ಕೂತಿತ್ತು:
ಸಂಗೀತ ಕಾರಂಜಿ, ಹುಲ್ಲಿನ ಜಿಂಕೆ,
ಸೆಲ್ಫಿಗೊಂದು ಕಮಾನು.
ಐದು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಗೆ ಕಾರಂಜಿ.
ನಾನು ಏನೂ ಅನ್ನಲಿಲ್ಲ. ದ್ವಿತೀಯ ದರ್ಜೆ ಸಹಾಯಕಿ;
ನನ್ನ ಬಾಯಿಗೂ ಒಂದು ಆವಕ ಸಂಖ್ಯೆ ಬೀಳಬೇಕು.

ಬೆಳಗ್ಗೆ ಐದೂವರೆ.
ಬೇವಿನ ಕೆಳಗೆ ರಿಟೈರಾದ ಮೇಷ್ಟ್ರುಗಳು ಏಳು ಮಂದಿ
ಕೈಯೆತ್ತಿ ನಗುತ್ತಾರೆ, ಆರೋಗ್ಯಕ್ಕಾಗಿ.
ಬುರ್ಖಾದ ಕೆಳಗೆ ಬಿಳಿ ಬೂಟು ತೊಟ್ಟ ಮೂವರು
ಮಾತಿಲ್ಲದೆ ಎಂಟು ಸುತ್ತು.
ಎಂಟಕ್ಕೆ ಬಿಸಿಲು ಬಂತು, ಗೇಟಿಗೆ ಬೀಗ ಬಿತ್ತು.

ಸಂಜೆ ಐದಕ್ಕೆ ತೆರೆದಾಗ
ಗ್ರಾನೈಟ್ ಬೆಂಚಿನ ಮೇಲೆ ಕೈಯಿಟ್ಟು ಕಿತ್ತುಕೊಂಡೆ.
ರೊಟ್ಟಿಯ ಹಂಚು.
"ಎಂಟರ ತನಕ ಯಾರೂ ಕುಂದ್ರಲ್ಲ ಮೇಡಂ,"
ಅಂದ ಕಾವಲಿನ ಗಾದಿಲಿಂಗ,
"ಎಂಟಕ್ಕ ನಾನು ಗೇಟು ಹಾಕ್ತೀನಿ."
ಇಬ್ಬರೂ ನಕ್ಕೆವು.
ಆಮೇಲೆ ನನಗೆ ನಗು ಬರಲಿಲ್ಲ.

ಫಾರಂ ತುಂಬಿತ್ತು, ಬಸ್ಸಿಗೆ ಹೊತ್ತಿತ್ತು.
ಮಿರ್ಚಿ ಬಂಡಿಯ ಪಕ್ಕ ನಿಂತಿದ್ದೆ.
ಒಂಬತ್ತಕ್ಕೆ ಜೀನ್ಸ್ ಯೂನಿಟ್ಟುಗಳು ಬಿಟ್ಟವು.
ಬಂದರು, ಡಬ್ಬಿಯ ಚೀಲ ಹೆಗಲಿಗೆ ಹಾಕಿ,
ಬೆಳಗಿನಿಂದ ಯಾರದೋ ಪ್ಯಾಂಟಿಗೆ ಜೇಬು ಹೊಲಿದವರು.
ಸರಳು ಹಿಡಿದು ಒಳಗೆ ನೋಡಿ
ಯಾರೂ ಏನೂ ಕೇಳದೆ
ಚರಂಡಿಯ ಚಪ್ಪಡಿ ಮೇಲೆ ಕಾಲು ಚಾಚಿ ಕೂತರು.
ಒಳಗೆ ಬೆಂಚುಗಳು ಸುಮ್ಮನೆ ಆರುತ್ತಿದ್ದವು.

ಎಣಿಸಿದೆ. ನಲವತ್ತೊಂದು.
ಮರುದಿನ ಮೂವತ್ತೆಂಟು.
ಶನಿವಾರ, ಬಟವಾಡೆ ದಿನ, ಎಪ್ಪತ್ತು ದಾಟಿತು.
"ಏನು ಬರಕೊಳ್ತೀಯವ್ವ, ನಮ್ಮನ್ನ ಎಬ್ಬಸ್ತೀರೇನು?"
ತಿಪ್ಪೇರುದ್ರಮ್ಮ ಕೇಳಿದಳು.
ಇಲ್ಲ ಅಂದೆ. ಪಾರ್ಕಿನಲ್ಲಿ ಏನಿರಬೇಕು, ಹೇಳು.
ಮಿರ್ಚಿ ಮುಗಿಯುವವರೆಗೂ ಯೋಚಿಸಿದಳು.
"ಪಾಯಖಾನೆ. ಆಮ್ಯಾಲೆ ಜೋಕಾಲಿ,
ದೊಡ್ಡೋರು ಕುಂತ್ರ ಹರೀಬಾರ್ದು, ಅಂಥಾದ್ದು."

ಆ ರಾತ್ರಿ ಸ್ಕೇಲಿಟ್ಟು ನಾಲ್ಕನೆಯ ಕಾಲಂ ಎಳೆದೆ.
'ಇತರೆ' ಎಂದು ಬರೆದು ಹೊಡೆದುಹಾಕಿದೆ.
'ಗೇಟಿನ ಹೊರಗೆ' ಎಂದು ಬರೆದೆ.

ಫೈಲು ಮೂರು ಸಲ ಮರಳಿ ಬಂತು.
ನಿಗದಿತ ನಮೂನೆಯಲ್ಲಿಲ್ಲ.
ದೀಪದ ಖರ್ಚು ಯಾವ ಲೆಕ್ಕಶೀರ್ಷಿಕೆ?
ಎರಡನೆಯ ಪಾಳಿಗೆ ಯಾರು?
ಕೊನೆಗೆ ಮೇ ತಿಂಗಳ ಸೆಕೆಗೋ, ನನ್ನ ಕಾಟಕ್ಕೋ
ಒಂದು ಸಾಲಿನ ಒಪ್ಪಿಗೆ:
ಬೇಸಿಗೆ ಮುಗಿಯುವವರೆಗೆ, ತಾತ್ಕಾಲಿಕವಾಗಿ,
ರಾತ್ರಿ ಹತ್ತೂವರೆ.
ಕಾರಂಜಿ ಉಳಿಯಿತು.
ಪಾಯಖಾನೆ ಎರಡನೆಯ ಹಂತಕ್ಕೆ ಹೋಯಿತು.

ಮೊದಲ ರಾತ್ರಿ ಒಳಗೆ ಬರಲು ಹೆದರಿದರು.
ಗಾದಿಲಿಂಗ ಗೇಟು ಸರಿಯದಂತೆ ಕಲ್ಲು ಒತ್ತಿಟ್ಟ.
ಹಗಲೆಲ್ಲ ಕುಡಿದ ಬಿಸಿಲನ್ನು ಗುಡ್ಡ
ಇನ್ನೂ ಉಸಿರಾಡುತ್ತಲೇ ಇತ್ತು.
ಆಡಲಿಲ್ಲ, ಓಡಲಿಲ್ಲ.
ಚಪ್ಪಲಿ ಕಳಚಿ, ಹುಲ್ಲು ಸತ್ತ ಕೆಂಪು ನೆಲಕ್ಕೆ
ಅಂಗಾಲು ಊರಿ ಕೂತರು, ಅಷ್ಟೆ.
ಹಸೀನಾಬಾನು ಮಾತ್ರ ಮಕ್ಕಳ ಜೋಕಾಲಿ ಹತ್ತಿ
ಒಂದು ಸಲ ಜೀಕಿ, ಸುತ್ತ ನೋಡಿ,
ಇನ್ನೊಂದು ಸಲ ಜೀಕಿದಳು.

ಬೆಳಗ್ಗೆ ಹಳದಿ ಸರಪಣಿಯ ಮೇಲೆ
ಎರಡೂ ಕಡೆ ನೀಲಿ ಬೆರಳು.
ಗಾದಿಲಿಂಗ ಒದ್ದೆ ಬಟ್ಟೆ ತಂದಿದ್ದ; ಇರಲಿ ಅಂದೆ.

ಈಗ ಜುಲೈ.
ನಮ್ಮೂರಿನಲ್ಲಿ ಬೇಸಿಗೆ ಯಾವತ್ತು ಮುಗಿಯುತ್ತದೆ ಎಂದು
ಆದೇಶದಲ್ಲಿ ಬರೆದಿಲ್ಲ.
ನಾನೂ ಕೇಳಿಲ್ಲ.